ಆಸ್ಪತ್ರೆಯನ್ನು ಕಂಪನಿಗೆ ಒಪ್ಪಿಸುವ ಮುನ್ನ: ಬೆಂಗಳೂರಿನ ಸುತ್ತಲ ಜಿಲ್ಲೆಗಳ ವೈದ್ಯರಿಗೆ ಒಂದು ಮಾರ್ಗದರ್ಶಿ

ತುಮಕೂರಿನ ಬಿ.ಎಚ್. ರಸ್ತೆಯ ಆಸುಪಾಸಿನಲ್ಲಿ ಇಪ್ಪತ್ತೈದು, ಮೂವತ್ತು ಹಾಸಿಗೆಯ ನರ್ಸಿಂಗ್ ಹೋಂ ಕಟ್ಟಿ ಬೆಳೆಸಿದ ಅನೇಕ ವೈದ್ಯರಿಗೆ ಈಗ ಅರವತ್ತು ದಾಟಿದೆ. ಮಕ್ಕಳು ವೈದ್ಯರಾಗಿದ್ದರೂ ಊರಿಗೆ ಮರಳುವ ಮನಸ್ಸು ಮಾಡಿಲ್ಲ. ರಾತ್ರಿ ಪಾಳಿಗೆ ಡ್ಯೂಟಿ ಡಾಕ್ಟರ್ ಸಿಗುವುದಿಲ್ಲ, ಸಿಕ್ಕವರು ನಿಲ್ಲುವುದಿಲ್ಲ. ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ, ಜೈವಿಕ ತ್ಯಾಜ್ಯದ ಅನುಮತಿ, ಅಗ್ನಿಶಾಮಕ ಇಲಾಖೆಯ ಪತ್ರ, ವಿಮಾ ಕಂಪನಿಗಳ ತಕರಾರು ಎಂದು ಕಾಗದದ ಕೆಲಸವೇ ರೋಗಿಯನ್ನು ನೋಡುವ ಹೊತ್ತನ್ನು ತಿನ್ನುತ್ತಿದೆ. ಹೀಗಿರುವಾಗ ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿನಿಂದ ದೊಡ್ಡ ಆಸ್ಪತ್ರೆ ಸಮೂಹದ ಪ್ರತಿನಿಧಿಗಳು ಬಂದು, ‘ಆಡಳಿತವನ್ನು ನಮಗೆ ಬಿಡಿ, ನೀವು ರೋಗಿಗಳನ್ನು ಮಾತ್ರ ನೋಡಿಕೊಳ್ಳಿ’ ಎಂದರೆ ಆ ಮಾತು ಹಿತವಾಗಿಯೇ ಕೇಳಿಸುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ವೈದ್ಯರ ಪರಿಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ.

ಆಸ್ಪತ್ರೆಯನ್ನು ಮಾರುವುದು ತಪ್ಪೆಂದು ನಾನು ಹೇಳುವುದಿಲ್ಲ. ದಣಿದವರು ವಿಶ್ರಾಂತಿ ಬಯಸುವುದು ನ್ಯಾಯವೇ. ಬಂಡವಾಳ ಬಂದರೆ ಊರಿಗೆ ಒಳ್ಳೆಯ ತುರ್ತು ಘಟಕ, ಡಯಾಲಿಸಿಸ್, ಹೃದಯದ ರಕ್ತನಾಳಗಳ ಚಿಕಿತ್ಸೆಗೆ ಕ್ಯಾಥ್ ಲ್ಯಾಬ್ ಬರಬಹುದು. ಆದರೆ ನಾಲ್ಕು ತೀರ್ಮಾನಗಳು ಮಾರಾಟದ ಪಟ್ಟಿಗೆ ಸೇರಬಾರದು: ಯಾರನ್ನು ದಾಖಲು ಮಾಡಿಕೊಳ್ಳಬೇಕು, ಯಾವ ಪರೀಕ್ಷೆ ಬರೆಯಬೇಕು, ಯಾವ ದಿನ ಮನೆಗೆ ಕಳುಹಿಸಬೇಕು, ಮುಂದಿನ ಚಿಕಿತ್ಸೆಗೆ ಎಲ್ಲಿಗೆ ಕಳುಹಿಸಬೇಕು. ಕಟ್ಟಡ, ಯಂತ್ರ, ಲೆಕ್ಕಪತ್ರ, ಬೇಕಾದರೆ ಹೆಸರು ಕೂಡ ಕೊಡಿ. ಈ ನಾಲ್ಕನ್ನು ಉಳಿಸಿಕೊಳ್ಳುವುದು ಹೇಗೆಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಕಾನೂನು ಕಾಪಾಡುತ್ತದೆ ಎಂದು ಕಾಯಬೇಡಿ

ಅಮೆರಿಕದ ಹಲವು ರಾಜ್ಯಗಳಲ್ಲಿ ವೈದ್ಯರಲ್ಲದವರ ಕಂಪನಿ ವೈದ್ಯವೃತ್ತಿ ನಡೆಸುವಂತಿಲ್ಲ ಎಂಬ ಹಳೆಯ ಕಾನೂನಿದೆ. ಕ್ಯಾಲಿಫೋರ್ನಿಯಾ, ಟೆಕ್ಸಾಸ್, ನ್ಯೂಯಾರ್ಕ್ ಅಂಥ ರಾಜ್ಯಗಳು. ಅಲ್ಲಿ ಕೂಡ ಕಂಪನಿಗಳು ದಾರಿ ಹುಡುಕಿಕೊಂಡವು. ಕಾಗದದ ಮೇಲೆ ಒಬ್ಬ ವೈದ್ಯ ಮಾಲೀಕನಾಗಿರುತ್ತಾನೆ. ‘ನಿರ್ವಹಣಾ ಸೇವೆ’ ಎಂಬ ಒಪ್ಪಂದದ ಮೂಲಕ ನೇಮಕಾತಿ, ದರ, ಬಿಲ್ಲು, ವೇಳಾಪಟ್ಟಿ ಎಲ್ಲವೂ ಕಂಪನಿಯ ಕೈಯಲ್ಲಿರುತ್ತವೆ. ಈ ಸಂದನ್ನು ಮುಚ್ಚಲು ಓರೆಗಾನ್ ರಾಜ್ಯ 2025ರಲ್ಲಿ ಹೊಸ ಕಾನೂನನ್ನೇ ತರಬೇಕಾಯಿತು.

ನಮ್ಮಲ್ಲಿ ಆ ಹಳೆಯ ತಡೆಯೂ ಇಲ್ಲ. ಯಾವ ಕಂಪನಿ ಬೇಕಾದರೂ ಆಸ್ಪತ್ರೆಯ ಮಾಲೀಕನಾಗಬಹುದು. ಆಸ್ಪತ್ರೆ ಕ್ಷೇತ್ರಕ್ಕೆ ಶೇಕಡ 100ರಷ್ಟು ವಿದೇಶಿ ನೇರ ಹೂಡಿಕೆಗೆ 2000ದಿಂದಲೇ ಅವಕಾಶವಿದೆ. 2023ರಲ್ಲಿ ಸಿಂಗಪುರದ ಹೂಡಿಕೆ ಸಂಸ್ಥೆ ಟೆಮಾಸೆಕ್ ಮಣಿಪಾಲ್ ಆಸ್ಪತ್ರೆ ಸಮೂಹದ ಬಹುಪಾಲು ಷೇರು ಪಡೆಯಿತು. ಅದೇ ವರ್ಷ ಅಮೆರಿಕದ ಹೂಡಿಕೆ ಸಂಸ್ಥೆ ಬ್ಲ್ಯಾಕ್‌ಸ್ಟೋನ್ ಹೈದರಾಬಾದಿನ ಕೇರ್ ಆಸ್ಪತ್ರೆಗಳನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಇವೆಲ್ಲವೂ ಕಾನೂನುಬದ್ಧ ವ್ಯವಹಾರಗಳೇ. ಇಲ್ಲಿ ನಮಗಿರುವ ಆಸರೆ ಎರಡು: ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಗಳು ಮತ್ತು ನೀವು ಸಹಿ ಹಾಕುವ ಒಪ್ಪಂದ. ಆ ಪರಿಷತ್ತಿನ ಜಾಗಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟಿನಲ್ಲಿ ಹೊಸ ನಿಯಮಗಳನ್ನು ಪ್ರಕಟಿಸಿ ಅದೇ ತಿಂಗಳು ತಡೆಹಿಡಿದು, 2002ರ ನಿಯಮಗಳನ್ನೇ ಮತ್ತೆ ಜಾರಿಯಲ್ಲಿಟ್ಟಿತು.

ಆ ನಿಯಮಗಳ ದಂಡನೆ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ವಹಿಯಲ್ಲಿರುವುದು ವೈದ್ಯರ ಹೆಸರು. ಅನಗತ್ಯ ಶಸ್ತ್ರಚಿಕಿತ್ಸೆ, ಕಮಿಷನ್, ಸುಳ್ಳು ಪ್ರಮಾಣಪತ್ರ ಯಾವುದೇ ಇರಲಿ, ಒತ್ತಡ ಹಾಕಿದ ಮಾರುಕಟ್ಟೆ ವಿಭಾಗದ ಮುಖ್ಯಸ್ಥರನ್ನು ಪರಿಷತ್ತು ಕರೆಸುವುದಿಲ್ಲ, ಕರೆಸುವುದು ನಿಮ್ಮನ್ನು. ಹೊಣೆ ನಿಮ್ಮದೇ ಆಗಿ ಉಳಿಯುವಾಗ ಅಧಿಕಾರವನ್ನು ಬಿಟ್ಟುಕೊಡುವುದು ಎಷ್ಟು ಅಪಾಯವೆಂದು ಬೇರೆ ಹೇಳಬೇಕಾಗಿಲ್ಲ.

ಹೆಜ್ಜೆ 1: ಯಾವ ಬಗೆಯ ಒಪ್ಪಂದ ಎಂದು ಮೊದಲ ಭೇಟಿಯಲ್ಲೇ ಕೇಳಿ

‘ಕೈಜೋಡಿಸೋಣ’, ‘ಪಾಲುದಾರರಾಗೋಣ’ ಎಂಬ ಮಾತಿಗೆ ಕಾನೂನಿನಲ್ಲಿ ಅರ್ಥವಿಲ್ಲ. ನಮ್ಮ ಊರುಗಳಲ್ಲಿ ಕಾಣುವುದು ಸಾಮಾನ್ಯವಾಗಿ ನಾಲ್ಕು ಬಗೆ. ಜಾಗ, ಕಟ್ಟಡ, ವ್ಯವಹಾರ ಸಮೇತ ಪೂರ್ತಿ ಮಾರಾಟ ಒಂದು. ಕಟ್ಟಡವನ್ನು ಬಾಡಿಗೆಗೆ ಕೊಟ್ಟು ವ್ಯವಹಾರವನ್ನು ಮಾರುವುದು ಇನ್ನೊಂದು. ಮಾಲೀಕತ್ವ ನಿಮ್ಮದೇ ಆಗಿದ್ದು, ಆದಾಯದಲ್ಲಿ ಪಾಲು ಪಡೆದು ಕಂಪನಿ ನಡೆಸಿಕೊಡುವುದು ಮೂರನೆಯದು. ಇದನ್ನು ‘ಓ ಅಂಡ್ ಎಂ’ (ಆಪರೇಷನ್ಸ್ ಅಂಡ್ ಮ್ಯಾನೇಜ್‌ಮೆಂಟ್) ಎನ್ನುತ್ತಾರೆ. ನಾಲ್ಕನೆಯದರಲ್ಲಿ ಆಸ್ಪತ್ರೆ ಅವರದು, ನೀವು ಕನ್ಸಲ್ಟೆಂಟ್ ಮಾತ್ರ.

ಮೂರನೆಯದು ಎಲ್ಲಕ್ಕಿಂತ ಸುರಕ್ಷಿತವೆಂದು ತೋರುತ್ತದೆ. ನನ್ನ ದೃಷ್ಟಿಯಲ್ಲಿ ಅದನ್ನೇ ಹೆಚ್ಚು ಎಚ್ಚರದಿಂದ ಓದಬೇಕು. ಫಲಕದಲ್ಲಿ, ನೋಂದಣಿಯಲ್ಲಿ, ನ್ಯಾಯಾಲಯದ ಸಮನ್ಸಿನಲ್ಲಿ ನಿಮ್ಮ ಹೆಸರು ಉಳಿಯುತ್ತದೆ. ದರ, ಸಿಬ್ಬಂದಿ, ಔಷಧಿ ಖರೀದಿ ನಿಮ್ಮ ಕೈ ತಪ್ಪಿರುತ್ತವೆ.

ಜಾಗ ಮತ್ತು ಕಟ್ಟಡವನ್ನು ಸಾಧ್ಯವಾದಷ್ಟೂ ಉಳಿಸಿಕೊಳ್ಳಿ. ಅಮೆರಿಕದ ಸ್ಟೀವರ್ಡ್ ಹೆಲ್ತ್ ಕೇರ್ ಸಂಸ್ಥೆ 2016ರಲ್ಲಿ ತನ್ನ ಆಸ್ಪತ್ರೆಗಳ ಕಟ್ಟಡಗಳನ್ನು ಆಸ್ತಿ ಕಂಪನಿಯೊಂದಕ್ಕೆ ಮಾರಿ, ಅದೇ ಕಟ್ಟಡಗಳಿಗೆ ಬಾಡಿಗೆ ಕಟ್ಟತೊಡಗಿತು. 2024ರ ಮೇ ತಿಂಗಳಲ್ಲಿ ದಿವಾಳಿ ಅರ್ಜಿ ಹಾಕಿತು. ಆಗಸ್ಟಿನಲ್ಲಿ ಮ್ಯಾಸಚೂಸೆಟ್ಸ್‌ನ ಎರಡು ಆಸ್ಪತ್ರೆಗಳು ಬಾಗಿಲು ಮುಚ್ಚಿದವು. ವೈದ್ಯರು ಅಲ್ಲೇ ಇದ್ದರು, ರೋಗಿಗಳೂ ಇದ್ದರು. ಕಟ್ಟಡ ಒಬ್ಬರ ಕೈಗೆ, ವ್ಯವಹಾರ ಮತ್ತೊಬ್ಬರ ಕೈಗೆ ಹೋದ ಮೇಲೆ ಊರಿನ ಮಾತು ಕೇಳುವವರು ಯಾರೂ ಉಳಿಯಲಿಲ್ಲ.

ತೆಂಗಿನ ತೋಟವನ್ನು ಗುತ್ತಿಗೆಗೆ ಕೊಡುವ ತಿಪಟೂರಿನ ರೈತ ನೀರು ಕಟ್ಟುವವರು ಯಾರು, ಒಣಗಿದ ಮರಕ್ಕೆ ಹೊಣೆ ಯಾರು ಎಂದು ಮೊದಲೇ ಮಾತಾಡಿಕೊಳ್ಳುತ್ತಾನೆ. ಬಾಡಿಗೆ ಕರಾರಿನಲ್ಲಿ ನೀವೂ ಅಷ್ಟೇ ಸ್ಪಷ್ಟವಾಗಿರಬೇಕು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಒಳಬಾಡಿಗೆಗೆ ಕೊಡಲು, ಬಾಡಿಗೆ ಹಕ್ಕನ್ನು ಸಾಲಕ್ಕೆ ಆಧಾರವಾಗಿಡಲು ನಿಮ್ಮ ಲಿಖಿತ ಒಪ್ಪಿಗೆ ಬೇಕೆಂದು ಬರೆಸಿ. ಕಂಪನಿಯೇ ಬೇರೆ ಕೈಗೆ ಹೋದರೆ ಏನು ಎಂಬುದಕ್ಕೂ ಉತ್ತರವಿರಬೇಕು. ಹೂಡಿಕೆ ನಿಧಿಗಳು ಕೆಲವು ವರ್ಷಗಳಲ್ಲಿ ಮಾರಿ ಹೊರಡುವ ಲೆಕ್ಕದಲ್ಲೇ ಹಣ ಹಾಕುತ್ತವೆ. ಇಂದು ನಿಮ್ಮೆದುರು ಕುಳಿತು ಕಾಫಿ ಕುಡಿಯುತ್ತಾ ಮಾತು ಕೊಟ್ಟವರು ನಾಳೆ ಆ ಕುರ್ಚಿಯಲ್ಲಿ ಇರುವುದಿಲ್ಲ. ನಿಯಂತ್ರಣ ಬದಲಾದರೆ ದಂಡವಿಲ್ಲದೆ ಹೊರಬರುವ ಹಕ್ಕು ನಿಮಗಿರಲಿ.

ಹೆಜ್ಜೆ 2: ಲೆಕ್ಕ ತೋರಿಸಿ, ರೋಗಿಗಳ ಕಡತ ತೋರಿಸಬೇಡಿ

ಮಾತುಕತೆ ಮುಂದುವರಿದರೆ ‘ಡ್ಯೂ ಡಿಲಿಜೆನ್ಸ್’, ಅಂದರೆ ಕೊಳ್ಳುವ ಮೊದಲಿನ ಪರಿಶೀಲನೆ ಎಂದು ಲೆಕ್ಕಿಗರ ತಂಡ ಬರುತ್ತದೆ. ಆದಾಯ, ವೆಚ್ಚ, ಹಾಸಿಗೆ ತುಂಬಿದ ಪ್ರಮಾಣ, ಯಾವ ತಾಲ್ಲೂಕಿನಿಂದ ಎಷ್ಟು ರೋಗಿಗಳು ಎಂಬ ಮೊತ್ತದ ಅಂಕಿಗಳನ್ನು ಕೊಡಬಹುದು. ಹೆಸರು, ಮೊಬೈಲ್ ಸಂಖ್ಯೆ, ರೋಗದ ವಿವರ ಇರುವ ಪಟ್ಟಿ ಕೊಡಬಾರದು. ರೋಗಿಯ ಗುಟ್ಟನ್ನು ಕಾಯುವುದು 2002ರ ನಿಯಮಗಳಲ್ಲಿ ವೈದ್ಯನ ಕರ್ತವ್ಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದೆ. ವ್ಯವಹಾರ ಮುರಿದು ಬಿದ್ದ ಮೇಲೆ ನಿಮ್ಮ ಮಧುಮೇಹ ರೋಗಿಗಳ ಮೊಬೈಲ್‌ಗೆ ಆ ಸಮೂಹದ ‘ಉಚಿತ ತಪಾಸಣಾ ಶಿಬಿರ’ದ ಸಂದೇಶ ಬರುವಂತಾಗಬಾರದು.

ಇದೇ ಹಂತದಲ್ಲಿ ‘ಲೆಟರ್ ಆಫ್ ಇಂಟೆಂಟ್’ ಎಂಬ, ಕೊಳ್ಳುವ ಇರಾದೆ ತಿಳಿಸುವ ಎರಡು ಮೂರು ಪುಟದ ಪತ್ರ ಬರುತ್ತದೆ. ಇದು ಬರೀ ಔಪಚಾರಿಕ ಎನ್ನುತ್ತಾರೆ. ಅದರೊಳಗೆ ಇಂತಿಷ್ಟು ಅವಧಿ ಬೇರೆ ಯಾರೊಂದಿಗೂ ಮಾತಾಡಬಾರದು ಎಂಬ ಷರತ್ತು ಇದ್ದರೆ ಅದು ನಿಮ್ಮನ್ನು ಕಟ್ಟಿಹಾಕುತ್ತದೆ. ಅರವತ್ತು ದಿನಕ್ಕಿಂತ ಹೆಚ್ಚಿಗೆ ಒಪ್ಪಬೇಡಿ. ವಕೀಲರಿಗೆ ತೋರಿಸಬೇಕಾದ ಮೊದಲ ಕಾಗದ ಇದೇ.

ಹೆಜ್ಜೆ 3: ಬೆಲೆಯ ಎಷ್ಟು ಭಾಗ ‘ಮುಂದೆ’ ಬರುತ್ತದೆ ನೋಡಿ

ಮೌಲ್ಯ ಕಟ್ಟುವ ಕೆಲಸವನ್ನು ಒಳ್ಳೆಯ ಚಾರ್ಟರ್ಡ್ ಅಕೌಂಟೆಂಟ್‌ಗೆ ಬಿಡಿ. ಒಂದು ವಿಷಯ ಮಾತ್ರ ನೆನಪಿರಲಿ: ಸಣ್ಣ ನರ್ಸಿಂಗ್ ಹೋಂನಲ್ಲಿ ಮಾಲೀಕ ವೈದ್ಯ ತನಗೆ ಸಂಬಳ ಬರೆದುಕೊಂಡಿರುವುದಿಲ್ಲ. ಹಾಗಾಗಿ ಲಾಭವೆಂದು ಕಾಣುವುದರಲ್ಲಿ ನಿಮ್ಮ ದುಡಿಮೆಯೂ ಸೇರಿದೆ. ಕೊಳ್ಳುವವರು ಅದನ್ನು ಕಳೆದೇ ಲೆಕ್ಕ ಹಾಕುತ್ತಾರೆ.

ನಾನು ನಿಲ್ಲಬೇಕೆಂದಿರುವುದು ಕಂತಿನ ಬೆಲೆಯ ಬಳಿ. ಒಂದು ಕಲ್ಪಿತ ಉದಾಹರಣೆ ನೋಡಿ. ಬೆಲೆ 6 ಕೋಟಿ ರೂಪಾಯಿ. ಸಹಿಯ ದಿನ 4 ಕೋಟಿ. ಉಳಿದ 2 ಕೋಟಿ ಮೂರು ವರ್ಷಗಳಲ್ಲಿ, ಪ್ರತಿ ವರ್ಷ ಆಸ್ಪತ್ರೆಯ ಆದಾಯ ಶೇಕಡ 15ರಷ್ಟು ಏರಿದರೆ ಮಾತ್ರ. ಈಗ ಸೆಪ್ಟೆಂಬರ್ ತಿಂಗಳಲ್ಲಿ ಗುಬ್ಬಿಯಿಂದ ಡೆಂಗಿ ಜ್ವರದ ಹುಡುಗನೊಬ್ಬ ಬರುತ್ತಾನೆ. ಪ್ಲೇಟ್‌ಲೆಟ್ ಒಂದು ಲಕ್ಷದ ಮೇಲಿದೆ, ಚೆನ್ನಾಗಿ ನೀರು ಕುಡಿಯುತ್ತಿದ್ದಾನೆ, ಅಪಾಯದ ಚಿಹ್ನೆ ಯಾವುದೂ ಇಲ್ಲ. ಮೊದಲಾಗಿದ್ದರೆ ತಾಯಿಗೆ ಲಕ್ಷಣಗಳನ್ನು ವಿವರಿಸಿ, ನಾಳೆ ಮತ್ತೆ ಬನ್ನಿ ಎಂದು ಕಳುಹಿಸುತ್ತಿದ್ದಿರಿ. ಈಗಲೂ ಹಾಗೆಯೇ ಕಳುಹಿಸುತ್ತೀರಿ ಎಂದು ನಂಬುತ್ತೇನೆ. ಆದರೆ ಆ ತೀರ್ಮಾನದ ಪಕ್ಕದಲ್ಲಿ ನಿಮ್ಮದೇ 2 ಕೋಟಿ ಕುಳಿತಿದೆ, ಯಾರೂ ಫೋನ್ ಮಾಡಿ ಒತ್ತಡ ಹಾಕಬೇಕಾಗಿಯೇ ಇಲ್ಲ. ಒಬ್ಬ ಒಳ್ಳೆಯ ವೈದ್ಯನನ್ನು ದಿನದಿನಕ್ಕೂ ಇಂಥ ಇಕ್ಕಟ್ಟಿಗೆ ದೂಡುವ ಷರತ್ತು ಅನ್ಯಾಯದ್ದು. ಬೆಲೆ ಸ್ವಲ್ಪ ಕಡಿಮೆಯಾದರೂ ಪೂರ್ತಿ ಹಣ ನಿಗದಿತ ದಿನಾಂಕಗಳಿಗೆ ಬರುವಂತೆ ಕೇಳಿ. ಕಂತು ಬಿಡಲಾಗದು ಎಂದರೆ ಅದನ್ನು ಆದಾಯಕ್ಕೆ ಕಟ್ಟದೆ, ಪರವಾನಗಿಗಳ ವರ್ಗಾವಣೆ, ಇಂತಿಷ್ಟು ತಿಂಗಳು ನೀವು ಕೆಲಸದಲ್ಲಿ ಮುಂದುವರಿಯುವುದು ಇಂಥವುಗಳಿಗೆ ಕಟ್ಟಲಿ.

ಹೆಜ್ಜೆ 4: ನಾಲ್ಕು ತೀರ್ಮಾನಗಳನ್ನು ಅಕ್ಷರದಲ್ಲಿ ಬರೆಸಿ

ಒಪ್ಪಂದದ ಕರಡು ಅರವತ್ತು ಪುಟವಿರಬಹುದು. ‘ವೈದ್ಯಕೀಯ ಸ್ವಾತಂತ್ರ್ಯವನ್ನು ಗೌರವಿಸಲಾಗುವುದು’ ಎಂಬ ಒಂದು ಸಾಲು ಎಲ್ಲೋ ಇರುತ್ತದೆ. ಆ ಸಾಲಿನಿಂದ ಪ್ರಯೋಜನವಿಲ್ಲ. ಈ ಅರ್ಥದ ಷರತ್ತನ್ನು ನಿಮ್ಮ ವಕೀಲರಿಂದ ಸೇರಿಸಿ: ‘ರೋಗಿಯನ್ನು ದಾಖಲಿಸುವುದು, ಪರೀಕ್ಷೆ ಮತ್ತು ಔಷಧಿ ಬರೆಯುವುದು, ಶಸ್ತ್ರಚಿಕಿತ್ಸೆ ಮಾಡುವುದು ಅಥವಾ ಮಾಡದಿರುವುದು, ಬಿಡುಗಡೆ ಮಾಡುವುದು, ಬೇರೆಡೆಗೆ ಕಳುಹಿಸುವುದು ಚಿಕಿತ್ಸೆ ನೀಡುವ ವೈದ್ಯರ ತೀರ್ಮಾನಕ್ಕೆ ಮಾತ್ರ ಒಳಪಟ್ಟಿದೆ. ಇವುಗಳ ಸಂಖ್ಯೆ, ಪ್ರಮಾಣ ಅಥವಾ ಆದಾಯದ ಆಧಾರದ ಮೇಲೆ ವೈದ್ಯರ ಸಂಭಾವನೆ, ಮುಂದುವರಿಕೆ, ಬಡ್ತಿಯನ್ನು ನಿರ್ಧರಿಸುವಂತಿಲ್ಲ. ಈ ಷರತ್ತು ಒಪ್ಪಂದದ ಉಳಿದೆಲ್ಲ ಷರತ್ತುಗಳಿಗಿಂತ ಮೇಲಿನದು.’ ಕೊನೆಯ ವಾಕ್ಯವನ್ನು ಬಿಡಬೇಡಿ. ಅದಿಲ್ಲದಿದ್ದರೆ ‘ಕಂಪನಿಯ ನೀತಿಗಳಿಗೆ ಬದ್ಧ’ ಎಂಬ ಇನ್ನೊಂದು ಷರತ್ತು ಇದನ್ನು ನುಂಗುತ್ತದೆ.

ಆಡಳಿತದ ತಿಂಗಳ ಸಭೆಗಳಲ್ಲಿ ಕೇಳಿಬರುವ ಮೂರು ಪದಗಳನ್ನು ಮೊದಲೇ ತಿಳಿದಿರಿ. ‘ಕನ್ವರ್ಷನ್’ ಎಂದರೆ ಹೊರರೋಗಿಗಳಲ್ಲಿ ಎಷ್ಟು ಮಂದಿ ದಾಖಲಾದರು ಎಂಬುದು. ‘ಎಆರ್‌ಪಿಒಬಿ’ ಎಂದರೆ ತುಂಬಿದ ಪ್ರತಿ ಹಾಸಿಗೆಯಿಂದ ದಿನಕ್ಕೆ ಬಂದ ಸರಾಸರಿ ಆದಾಯ. ‘ಲೀಕೇಜ್’ ಎಂದರೆ ನೀವು ಬೇರೆ ಆಸ್ಪತ್ರೆಗೆ ಕಳುಹಿಸಿದ ರೋಗಿ. ಇಡೀ ಆಸ್ಪತ್ರೆಯ ಮಟ್ಟದಲ್ಲಿ ಈ ಲೆಕ್ಕ ಇಡುವುದನ್ನು ತಡೆಯಲಾಗದು. ವೈದ್ಯರ ಹೆಸರಿನ ಮುಂದೆ ಅಂಕಿ ಬರೆದು ಹಂಚುವುದನ್ನು ಒಪ್ಪಂದದಲ್ಲೇ ನಿಷೇಧಿಸಬಹುದು.

ಲೀಕೇಜ್ ಬಗ್ಗೆ ಇನ್ನಷ್ಟು ಹೇಳಬೇಕು, ಏಕೆಂದರೆ ನಮ್ಮ ಮೂರು ಜಿಲ್ಲೆಗಳ ಆಸ್ಪತ್ರೆಗಳ ಮೇಲೆ ಬೆಂಗಳೂರಿನ ಕಣ್ಣು ಬೀಳಲು ಅದೇ ದೊಡ್ಡ ಕಾರಣವೆಂದು ನನ್ನ ಅಭಿಪ್ರಾಯ. ಮೂವತ್ತು ಹಾಸಿಗೆಯಿಂದ ಬರುವ ಲಾಭ ದೊಡ್ಡ ಸಮೂಹಕ್ಕೆ ಹೆಚ್ಚೇನಲ್ಲ. ಶಿರಾ, ಮಧುಗಿರಿ, ಪಾವಗಡದಿಂದ ನಿಮ್ಮನ್ನು ನಂಬಿ ಬರುವ ರೋಗಿ ಬೈಪಾಸ್‌ಗೆ, ಕೀಲು ಬದಲಾವಣೆಗೆ, ಕ್ಯಾನ್ಸರ್ ಚಿಕಿತ್ಸೆಗೆ ತಮ್ಮ ಬೆಂಗಳೂರಿನ ಮುಖ್ಯ ಆಸ್ಪತ್ರೆಗೆ ಬರಲಿ ಎಂಬುದೇ ಲೆಕ್ಕಾಚಾರ. ಅಂದರೆ ಅವರು ಕೊಳ್ಳುತ್ತಿರುವುದು ಹಲವು ದಶಕಗಳಲ್ಲಿ ನೀವು ಗಳಿಸಿದ ವಿಶ್ವಾಸವನ್ನು. ಎದೆನೋವಿನಿಂದ ಬಂದ ಕೂಲಿ ಕಾರ್ಮಿಕನನ್ನು ಜಯದೇವಕ್ಕೆ, ಗರ್ಭಕೊರಳಿನ ಕ್ಯಾನ್ಸರ್ ಇರುವ ಹೆಣ್ಣುಮಗಳನ್ನು ಕಿದ್ವಾಯಿಗೆ, ತಲೆಗೆ ಪೆಟ್ಟಾದವನನ್ನು ನಿಮ್ಹಾನ್ಸ್‌ಗೆ ಕಳುಹಿಸುವ ಸ್ವಾತಂತ್ರ್ಯ ಹೋದರೆ ಆ ಕುಟುಂಬಗಳು ಜಮೀನು ಮಾರುತ್ತವೆ. ರೋಗಿಯನ್ನು ಕಳುಹಿಸಿದ್ದಕ್ಕೆ ಉಡುಗೊರೆ, ಕಮಿಷನ್, ಬೋನಸ್ ಕೊಡುವುದನ್ನೂ ಪಡೆಯುವುದನ್ನೂ 2002ರ ನಿಯಮಗಳ 6.4ನೇ ಕಲಮು ನಿಷೇಧಿಸುತ್ತದೆ. ಒಪ್ಪಂದದಲ್ಲಿ ಅದಕ್ಕೆ ‘ಸಮನ್ವಯ ಶುಲ್ಕ’ ಎಂಬ ಹೆಸರಿಟ್ಟರೂ ಅದು ಕಮಿಷನ್ನೇ. ‘ಎಲ್ಲಿಗೆ ಕಳುಹಿಸಬೇಕೆಂಬುದು ರೋಗಿಯ ಆಯ್ಕೆ ಮತ್ತು ವೈದ್ಯರ ಸಲಹೆಗೆ ಬಿಟ್ಟದ್ದು, ಸರ್ಕಾರಿ ಸಂಸ್ಥೆಗಳೂ ಸೇರಿದಂತೆ’ ಎಂದು ಸೇರಿಸಿ.

ಜೊತೆಗೆ, ಚಿಕಿತ್ಸೆಯ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದರೆ ತೀರ್ಮಾನಿಸಲು ಬಹುಮತ ವೈದ್ಯರದೇ ಆಗಿರುವ ಸಮಿತಿ ಇರಲಿ. ನರ್ಸ್‌ಗಳ ಸಂಖ್ಯೆಯ ಕನಿಷ್ಠ ಮಿತಿಯನ್ನೂ ಬರೆಸಿ; ವೆಚ್ಚ ಇಳಿಸುವಾಗ ಮೊದಲು ಕತ್ತರಿ ಬೀಳುವುದು ಅಲ್ಲಿಗೆ. 2023ರ ಡಿಸೆಂಬರಿನಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಬಂದ ಅಧ್ಯಯನ ಅಮೆರಿಕದಲ್ಲಿ ಖಾಸಗಿ ಹೂಡಿಕೆ ನಿಧಿಗಳು ಕೊಂಡ 51 ಆಸ್ಪತ್ರೆಗಳನ್ನು ಇತರ ಆಸ್ಪತ್ರೆಗಳೊಡನೆ ಹೋಲಿಸಿ, ಆಸ್ಪತ್ರೆಯೊಳಗೇ ಉಂಟಾಗುವ ತೊಂದರೆಗಳು ಸುಮಾರು ಶೇಕಡ 25ರಷ್ಟು ಹೆಚ್ಚಿದವು ಎಂದು ಕಂಡುಕೊಂಡಿತು. ರೋಗಿ ಹಾಸಿಗೆಯಿಂದ ಬೀಳುವುದು, ರಕ್ತನಾಳಕ್ಕೆ ಹಾಕಿದ ಕೊಳವೆಯಿಂದ ಸೋಂಕು ತಗಲುವುದು ಅವುಗಳಲ್ಲಿ ಸೇರಿದ್ದವು.

ಹೆಜ್ಜೆ 5: ನಿಮ್ಮ ಸಂಭಾವನೆ ಯಾವುದಕ್ಕೆ ಅಂಟಿಕೊಂಡಿದೆ

‘ಮಿನಿಮಮ್ ಗ್ಯಾರಂಟಿ’ ಎಂದು ಮೊದಲ ವರ್ಷ ತಿಂಗಳಿಗೆ ಇಂತಿಷ್ಟು ಕೊಡುತ್ತಾರೆ. ಎರಡನೇ ವರ್ಷದಿಂದ ಪಾಲಿನ ಲೆಕ್ಕ ಶುರುವಾಗುತ್ತದೆ. ಒತ್ತಡವೂ ಅಲ್ಲಿಂದಲೇ ಶುರು. ಒಪ್ಪಂದದ ಅವಧಿ ಮೂರು ವರ್ಷವಾದರೆ ಗ್ಯಾರಂಟಿಯೂ ಮೂರು ವರ್ಷವಿರಲಿ. ಪಾಲು ಪಡೆಯುವುದಾದರೆ ನಿಮ್ಮ ಸ್ವಂತ ಕೆಲಸಕ್ಕೆ, ಅಂದರೆ ಸಮಾಲೋಚನೆಗೆ, ನೀವೇ ಮಾಡಿದ ಶಸ್ತ್ರಚಿಕಿತ್ಸೆಗೆ ಮಾತ್ರ ಪಡೆಯಿರಿ. ಲ್ಯಾಬ್, ಸ್ಕ್ಯಾನಿಂಗ್, ಔಷಧಿ ಅಂಗಡಿಯ ಆದಾಯದಲ್ಲಿ ಪಾಲು ಬೇಡ. ಪರೀಕ್ಷೆಗೆ ಮಾದರಿ ಕಳುಹಿಸಿ ಕಮಿಷನ್ ಪಡೆಯುವುದಕ್ಕೂ 6.4ನೇ ಕಲಮು ಅನ್ವಯಿಸುತ್ತದೆ.

ವಿಮಾ ಕಂಪನಿ ಬಿಲ್ ಕತ್ತರಿಸಿದರೆ, ಆಯುಷ್ಮಾನ್ ಹಣ ತಡವಾದರೆ ಆ ನಷ್ಟವನ್ನು ನಿಮ್ಮ ಶುಲ್ಕದಿಂದ ಕಳೆಯುತ್ತಾರೆಯೇ ಎಂದು ಕೇಳಿ. ಬಹುತೇಕರು ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ಹೆಜ್ಜೆ 6: ಪರವಾನಗಿಗಳಲ್ಲಿ ಯಾರ ಹೆಸರಿದೆ

ಇದು ನೀರಸ ಕೆಲಸ. ಆದರೂ ಜೈಲಿನ ಅಪಾಯವಿರುವುದು ಇಲ್ಲಿಯೇ, ಹಾಗಾಗಿ ದಯವಿಟ್ಟು ಸಾವಧಾನವಾಗಿ ಮಾಡಿ.

ಅಲ್ಟ್ರಾಸೌಂಡ್ ಯಂತ್ರವಿದ್ದರೆ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ) ನೋಂದಣಿಯನ್ನು ಮೊದಲು ನೋಡಿ. ಆ ಪ್ರಮಾಣಪತ್ರವನ್ನು ವರ್ಗಾಯಿಸಲು ಬರುವುದಿಲ್ಲ. ಮಾಲೀಕತ್ವ ಅಥವಾ ಆಡಳಿತ ಬದಲಾದ ಕೂಡಲೇ ಎರಡೂ ಪ್ರತಿಗಳನ್ನು ಸಕ್ಷಮ ಪ್ರಾಧಿಕಾರಕ್ಕೆ ಒಪ್ಪಿಸಬೇಕೆಂದು ನಿಯಮವೇ ಹೇಳುತ್ತದೆ. ಸಿಬ್ಬಂದಿ, ಸ್ಥಳ, ಯಂತ್ರದಲ್ಲಿ ಬದಲಾವಣೆಯಿದ್ದರೆ ಮೂವತ್ತು ದಿನ ಮುಂಚೆ ತಿಳಿಸಬೇಕು. ‘ಹೊಸ ನೋಂದಣಿ ಬರುವವರೆಗೆ ಹಳೆಯದರಲ್ಲೇ ನಡೆಯಲಿ ಡಾಕ್ಟರೇ’ ಎಂದರೆ ಒಪ್ಪಬೇಡಿ. ಯಂತ್ರದ ಮುಂದೆ ಯಾರೇ ಕುಳಿತಿರಲಿ, ಗರ್ಭಿಣಿಯರ ಸ್ಕ್ಯಾನಿಂಗ್ ದಾಖಲೆಯಾದ ಫಾರ್ಮ್ ಎಫ್ ತುಂಬುವಲ್ಲಿ ಲೋಪವಾದರೆ ಪ್ರಕರಣ ನಿಮ್ಮ ಮೇಲೂ ಬರುತ್ತದೆ.

ಕೆಪಿಎಂಇ ಕಾಯ್ದೆಯ ನೋಂದಣಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರದ ಮುಂದೆ ಬರುತ್ತದೆ. ಮಾಲೀಕತ್ವ ಬದಲಾವಣೆಯ ಅರ್ಜಿಯ ಬಗ್ಗೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಸಹಿಗೆ ಮೊದಲೇ ವಿಚಾರಿಸಿ. ಔಷಧಿ ಅಂಗಡಿಯ ಪರವಾನಗಿ ಸಂಸ್ಥೆಯ ರಚನೆ ಬದಲಾದ ಮೇಲೆ ಮೂರು ತಿಂಗಳು ಮಾತ್ರ ಊರ್ಜಿತ. ಜೈವಿಕ ತ್ಯಾಜ್ಯಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿ, ಎಕ್ಸ್‌ರೇಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಗರ್ಭಪಾತ ಕೇಂದ್ರದ ಮಾನ್ಯತೆಗೆ ಜಿಲ್ಲಾ ಸಮಿತಿ. ಪ್ರತಿಯೊಂದಕ್ಕೂ ನಿಮ್ಮ ಹೆಸರು ಇಂತಹ ದಿನಾಂಕದಿಂದ ಇಲ್ಲ ಎಂಬ ಪತ್ರ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಮನೆಯಲ್ಲಿಡಿ.

ಹೆಜ್ಜೆ 7: ಬಡ ರೋಗಿಗೆ ಬಾಗಿಲು ತೆರೆದಿರುತ್ತದೆಯೇ

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ಸಹಕಾರ ಸಂಘಗಳ ಸದಸ್ಯರಿಗೆ ಯಶಸ್ವಿನಿ ಇದೆ. ನಿಮ್ಮ ಆಸ್ಪತ್ರೆ ಈ ಯೋಜನೆಗಳ ಪಟ್ಟಿಯಲ್ಲಿದ್ದರೆ, ದರ ಗಿಟ್ಟುವುದಿಲ್ಲವೆಂದು ಹೊಸ ಆಡಳಿತ ಹೊರಬರಬಹುದು. ಕನಿಷ್ಠ ಐದು ವರ್ಷ ಮುಂದುವರಿಯಬೇಕೆಂದು ಬರೆಸಿ. ನೀವು ಕಾಣುವ ರೋಗಿಗಳಲ್ಲಿ ಕೆಲವರಿಗೆ ಶುಲ್ಕ ಬಿಡುವ ಅಧಿಕಾರವನ್ನೂ ಉಳಿಸಿಕೊಳ್ಳಿ. ತುರ್ತು ಚಿಕಿತ್ಸೆಗೆ ಮುಂಗಡ ಹಣಕ್ಕಾಗಿ ಪಟ್ಟು ಹಿಡಿಯುವಂತಿಲ್ಲ, ಬಾಕಿಗಾಗಿ ಮೃತದೇಹ ತಡೆಯುವಂತಿಲ್ಲ ಎಂದು 2017ರಲ್ಲಿ ತಿದ್ದುಪಡಿಯಾದ ಕೆಪಿಎಂಇ ಕಾಯ್ದೆ ಹೇಳುತ್ತದೆ. ಕ್ಯಾಶ್ ಕೌಂಟರಿನಲ್ಲಿ ಕೂರುವ ಹುಡುಗರಿಗೆ ಇದನ್ನು ತಿಳಿಸುವ ಹೊಣೆ ಯಾರದೆಂದೂ ಒಪ್ಪಂದದಲ್ಲಿರಲಿ.

ಹೆಜ್ಜೆ 8: ಹೊರಬರುವ ದಾರಿ

ಬಿಟ್ಟ ಮೇಲೆ ಇಡೀ ತುಮಕೂರು ಜಿಲ್ಲೆಯಲ್ಲಿ ಮೂರು ವರ್ಷ ವೃತ್ತಿ ಮಾಡಬಾರದು ಎಂಬ ಷರತ್ತು ಸಾಮಾನ್ಯ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ವೃತ್ತಿಯನ್ನು ತಡೆಯುವ ಕರಾರು ಅಸಿಂಧು. ಹಾಗಾಗಿ ಕೆಲಸ ಬಿಟ್ಟು ಹೋದ ನೌಕರ ವೈದ್ಯನ ಮೇಲೆ ಇಂಥ ಷರತ್ತು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದರೆ ಅದೇ ಸೆಕ್ಷನ್ನಿನಲ್ಲಿ ಒಂದು ವಿನಾಯಿತಿ ಇದೆ: ವ್ಯವಹಾರದ ‘ಗುಡ್‌ವಿಲ್’, ಅಂದರೆ ಗಳಿಸಿದ ಹೆಸರು ಮತ್ತು ವಿಶ್ವಾಸವನ್ನು ಮಾರಿದವನು ಸಮಂಜಸವಾದ ಸ್ಥಳೀಯ ಮಿತಿಯೊಳಗೆ ಅದೇ ವ್ಯವಹಾರ ಮಾಡುವುದಿಲ್ಲವೆಂದು ಒಪ್ಪಬಹುದು. ಆಸ್ಪತ್ರೆ ಮಾರಿದ ಮಾಲೀಕ ವೈದ್ಯ ಈ ವಿನಾಯಿತಿಯೊಳಗೆ ಸಿಕ್ಕಿಕೊಳ್ಳುತ್ತಾನೆ. ಆದ್ದರಿಂದ ಮಾಲೀಕನಾಗಿ ಮಾರುವ ಕರಾರು ಮತ್ತು ವೈದ್ಯನಾಗಿ ದುಡಿಯುವ ಕರಾರು ಬೇರೆಬೇರೆ ಕಾಗದಗಳಾಗಿರಲಿ. ನಿರ್ಬಂಧವಿದ್ದರೆ ಅದು ಹೊಸ ಆಸ್ಪತ್ರೆ ತೆರೆಯುವುದಕ್ಕೆ ಮಾತ್ರ, ಕೆಲವು ಕಿಲೋಮೀಟರ್ ಒಳಗೆ, ಒಂದೆರಡು ವರ್ಷಕ್ಕೆ ಸೀಮಿತವಾಗಿರಲಿ. ಕ್ಲಿನಿಕ್ಕಿನಲ್ಲಿ ಕುಳಿತು ರೋಗಿ ನೋಡುವ ಹಕ್ಕನ್ನು ಬಿಡಬೇಡಿ. ಹಣ ಕೊಡದೆ ಅಥವಾ ನಾಲ್ಕನೇ ಹೆಜ್ಜೆಯ ಷರತ್ತನ್ನು ಮುರಿದು ಅವರೇ ತಪ್ಪಿದರೆ ಈ ನಿರ್ಬಂಧವೂ ಬಿದ್ದುಹೋಗಬೇಕು.

ಹೊಸದಾಗಿ ಕೆಲಸಕ್ಕೆ ಸೇರುವ ಕಿರಿಯ ವೈದ್ಯರು, ಅವಧಿಗೆ ಮೊದಲು ಬಿಟ್ಟರೆ ಕಟ್ಟಬೇಕಾದ ಬಾಂಡ್ ಮೊತ್ತವನ್ನು ಹಗುರವಾಗಿ ಕಾಣಬಾರದು. 2025ರ ಮೇ ತಿಂಗಳಲ್ಲಿ ಬ್ಯಾಂಕ್ ಉದ್ಯೋಗಿಯೊಬ್ಬರ ಪ್ರಕರಣದಲ್ಲಿ, ಮೂರು ವರ್ಷ ತುಂಬುವ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ.

ಆಸ್ಪತ್ರೆಗೆ ನಿಮ್ಮ ತಾಯಿಯ ಹೆಸರನ್ನೋ ಮನೆದೇವರ ಹೆಸರನ್ನೋ ಇಟ್ಟಿದ್ದರೆ, ನೀವು ಅಲ್ಲಿರುವವರೆಗೆ ಮಾತ್ರ ಬಳಸಲು ಅನುಮತಿ ಕೊಡಿ. ಕೇಸ್ ಶೀಟ್‌ಗಳ ವಿಷಯವೂ ಇಲ್ಲೇ ಬರಬೇಕು. ಗ್ರಾಹಕ ಆಯೋಗದಲ್ಲಿ ದೂರು ಹೂಡಲು ಎರಡು ವರ್ಷದ ಕಾಲಾವಕಾಶವಿದೆ. ನೀವು ಬಿಟ್ಟ ಮೇಲೆ ನೋಟಿಸ್ ಬಂದರೆ, ನಿಮ್ಮ ತೀರ್ಮಾನ ಸರಿಯಿತ್ತೆಂದು ತೋರಿಸುವ ಏಕೈಕ ದಾಖಲೆ ಕಂಪನಿಯ ಸರ್ವರಿನಲ್ಲಿರುತ್ತದೆ. ಕೇಳಿದಾಗ 72 ಗಂಟೆಯೊಳಗೆ ಪ್ರತಿ ಕೊಡಬೇಕೆಂದು ಬರೆಸಿ. ಕರೆಸಿಕೊಂಡ ವೈದ್ಯನ ನಿರ್ಲಕ್ಷ್ಯಕ್ಕೂ ಆಸ್ಪತ್ರೆ ಹೊಣೆಯೆಂದು 2004ರ ಸವಿತಾ ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಹೊಣೆಯನ್ನು ಪೂರ್ತಿ ನಿಮ್ಮ ಹೆಗಲಿಗೆ ಹಾಕುವ ನಷ್ಟಭರ್ತಿ ಷರತ್ತು ಇದ್ದರೆ ತೆಗೆಸಿ. ವ್ಯಾಜ್ಯ ತೀರಿಸುವ ಸ್ಥಳ ಮುಂಬೈ, ದೆಹಲಿ ಬೇಡ, ತುಮಕೂರು ಅಥವಾ ಬೆಂಗಳೂರು ಇರಲಿ. ಮಧ್ಯಸ್ಥಗಾರರನ್ನು ಕಂಪನಿಯೊಂದೇ ನೇಮಿಸುವಂತಿಲ್ಲವೆಂದು 2019ರಿಂದ ಸುಪ್ರೀಂ ಕೋರ್ಟಿನ ತೀರ್ಪುಗಳು ಹೇಳುತ್ತಿವೆ.

ಹೆಜ್ಜೆ 9: ಸಹಿಗೆ ಮೊದಲು ಇಬ್ಬರನ್ನು ಭೇಟಿಯಾಗಿ

ಅದೇ ಸಮೂಹಕ್ಕೆ ಎರಡು ಮೂರು ವರ್ಷದ ಹಿಂದೆ ತಮ್ಮ ಆಸ್ಪತ್ರೆ ಕೊಟ್ಟ ಬೇರೆ ಊರಿನ ವೈದ್ಯರೊಬ್ಬರು, ಆ ಸಮೂಹದ ಕೆಲಸ ಬಿಟ್ಟ ವೈದ್ಯರೊಬ್ಬರು. ಭಾರತೀಯ ವೈದ್ಯಕೀಯ ಸಂಘದ ಸ್ಥಳೀಯ ಶಾಖೆಯ ಮೂಲಕ ಹುಡುಕಿದರೆ ಸಿಗುತ್ತಾರೆ. ಕಂಪನಿಯೇ ಪರಿಚಯಿಸುವವರನ್ನು ಇದಕ್ಕೆ ಲೆಕ್ಕ ಹಿಡಿಯಬೇಡಿ. ರೋಗಿಯನ್ನು ಹೊರಗೆ ಕಳುಹಿಸಿದಾಗ ಯಾರಾದರೂ ಫೋನ್ ಮಾಡಿ ಕೇಳಿದ್ದರೇ, ಹಣ ಹೇಳಿದ ದಿನಕ್ಕೆ ಬಂತೇ ಎಂದು ಕೇಳಿ.

ಮಾರುವುದೊಂದೇ ದಾರಿಯಲ್ಲ ಎಂಬುದನ್ನೂ ಈ ಹಂತದಲ್ಲಿ ಯೋಚಿಸಬಹುದು. ಎಂಟು ಹತ್ತು ವೈದ್ಯರು ಸೇರಿ ಎಲ್‌ಎಲ್‌ಪಿ (ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಸಂಸ್ಥೆ) ಮಾಡಿಕೊಂಡು, ಲ್ಯಾಬ್, ತುರ್ತು ಘಟಕ, ರಾತ್ರಿ ಪಾಳಿ, ಔಷಧಿ ಖರೀದಿ, ವಿಮಾ ವಿಭಾಗವನ್ನು ಒಟ್ಟಾಗಿ ನಡೆಸಿದರೆ ಕಂಪನಿ ಕೊಡುತ್ತೇನೆನ್ನುವ ಅನುಕೂಲಗಳಲ್ಲಿ ಬಹಳಷ್ಟು ಸಿಗುತ್ತವೆ. ವೈದ್ಯರು ಒಟ್ಟಾಗುವುದು ಕಷ್ಟ, ನಿಜ. ಲಾಭ ಹಂಚಿಕೆಯ ಜಗಳವನ್ನು ತಡೆಯಲು ಪ್ರತಿಯೊಬ್ಬರ ಶುಲ್ಕ ಅವರವರದು, ಹಂಚಿಕೊಳ್ಳುವುದು ವೆಚ್ಚವನ್ನು ಮಾತ್ರ ಎಂಬ ನಿಯಮದಿಂದ ಆರಂಭಿಸಿ.

ಹೆಜ್ಜೆ 10: ಸಹಿಯಾದ ಮೇಲಿನ ಮೊದಲ ತಿಂಗಳುಗಳು

ಪ್ರತಿ ಪುಟಕ್ಕೂ ಎರಡೂ ಕಡೆಯ ಸಹಿಯಿರುವ ಮೂಲ ಪ್ರತಿ ನಿಮ್ಮ ಬಳಿ ಇರಲಿ. ಬಾಯಿಮಾತಿನ ಸೂಚನೆ ಬಂದಾಗ, ಅಂದೇ ಸಂಜೆ ‘ನೀವು ಇಂದು ಹೀಗೆ ಹೇಳಿದಿರಿ, ನನ್ನ ವೈದ್ಯಕೀಯ ಅಭಿಪ್ರಾಯ ಹೀಗಿದೆ’ ಎಂದು ಇಮೇಲ್ ಕಳುಹಿಸಿ. ಪ್ಯಾಕೇಜ್ ಮುಗಿಯಲು ಇನ್ನೂ ಒಂದು ದಿನವಿದೆ ಎಂದು ರೋಗಿಯನ್ನು ಉಳಿಸಿಕೊಳ್ಳಲು ಹೇಳಿದರೆ, ಬಿಡುಗಡೆಗೆ ಯೋಗ್ಯ ಎಂದು ಸಮಯ ಸಮೇತ ಕೇಸ್ ಶೀಟಿನಲ್ಲಿ ಬರೆದು ಸಹಿ ಮಾಡಿ. ಜಗಳವಾಡಬೇಕಾಗಿಲ್ಲ, ಬರೆದರೆ ಸಾಕು.

ಹೊರರೋಗಿ ವಿಭಾಗದ ಗೋಡೆಯ ಮೇಲೆ ಕನ್ನಡದಲ್ಲಿ ಒಂದು ಫಲಕ ಹಾಕಿಸಿ: ಈ ಆಸ್ಪತ್ರೆಯ ಮಾಲೀಕರು ಈಗ ಯಾರು, ದರಪಟ್ಟಿ ಎಲ್ಲಿದೆ, ಬೇರೆ ಆಸ್ಪತ್ರೆಗೆ ಹೋಗಲು ಬಯಸಿದರೆ ದಾಖಲೆಗಳ ಪ್ರತಿ ಯಾರನ್ನು ಕೇಳಬೇಕು, ದೂರಿದ್ದರೆ ಜಿಲ್ಲೆಯ ಯಾವ ಕಚೇರಿಗೆ ಕೊಡಬೇಕು. ನಿಮ್ಮ ಹೆಸರನ್ನು ನೋಡಿಕೊಂಡು ಒಳಗೆ ಬರುವವರಿಗೆ ಇಷ್ಟನ್ನು ತಿಳಿಯುವ ಹಕ್ಕಿದೆ. ಈ ಫಲಕಕ್ಕೆ ಕಂಪನಿಯ ಒಪ್ಪಿಗೆಯನ್ನು ಕೂಡ ಸಹಿಗೆ ಮೊದಲೇ ಪಡೆದುಕೊಳ್ಳಿ.